ಕುಡಿಯುವ ನೀರಿಲ್ಲದ ಕೂಲ್‌ಡ್ರಿಂಕ್ಸ್ ಡಿಪೋ

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮಾಪಣೆ ಪತ್ರ ಅಲ್ಲ. ರಾಮನಗರದ ಡಿಪೋದಿಂದ ಕೂಲ್‌ಡ್ರಿಂಕ್ಸ್ ಗಾಡಿ ಓಡಿಸಿ ಸಂಸಾರ ಸಾಕಿದವನು ನಾನು. ಏಳನೇ ಕ್ಲಾಸನ್ನೂ ಮುಗಿಸಲಿಲ್ಲ. ಈಗ ಮದುವೆ ಮನೆಗಳಲ್ಲಿ ಓದಿಕೊಂಡ ನೆಂಟರು ಸಿಕ್ಕಿದರೆ, "ಏನ್ ಕೆಂಪಣ್ಣ, ನಾಲ್ಕು ತಾಲ್ಲೂಕಿಗೂ ಸಕ್ಕರೆ ಕಾಯಿಲೆ ಹಂಚಿ ರಿಟೈರ್ ಆದೆಯಂತೆ?" ಎಂದು ನಗುತ್ತಾರೆ. ಹಾಗೆ ಕೇಳುವವರ ಕೈಯಲ್ಲೇ ಕಪ್ಪು ಡ್ರಿಂಕ್ಸ್ ತುಂಬಿದ ಲೋಟ ಇರುತ್ತದೆ. "ಮೊದ್ಲು ಆ ಲೋಟ ಕೆಳಗಿಡಿ ಸ್ವಾಮಿ, ಆಮೇಲೆ ನನ್ನ ಕೇಳೀರಂತೆ" ಎನ್ನುತ್ತೇನೆ. ಇಲ್ಲಿಯವರೆಗೆ ಒಬ್ಬರೂ ಕೆಳಗಿಟ್ಟಿಲ್ಲ.

ನಾನು ಮಾರಿದ್ದು ಹೌದು, ಕುಡಿದದ್ದೂ ಹೌದು. ಬೀಗರೂಟದಲ್ಲಿ ಮುದ್ದೆ, ಮಟನ್ ಸಾರು ಹೊಡೆದ ಮೇಲೆ ಒಂದು ತಣ್ಣನೆಯ ಬಾಟಲಿ ಕೈಗೆ ಬಂದರೆ ಅದು ಸುಖ ಅಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಈ ಲೈನಿಗೆ ಹೊಸದಾಗಿ ಬರುತ್ತಿರುವ ಹುಡುಗರಿಗೆ ಕಂಪನಿಯವರು ಟ್ರೈನಿಂಗ್‌ನಲ್ಲಿ ಹೇಳದ ಸಂಗತಿಗಳಿವೆ. ಕ್ಲೀನರ್ ಆಗಿದ್ದವನು ಯಾವಾಗ ಡ್ರೈವರ್ ಆದೆ, ಯಾವಾಗ ಸೇಲ್ಸ್ ಬ್ಯಾಗು ಹೆಗಲಿಗೆ ಬಂತು, ಅದು ಯಾರಿಗೆ ಬೇಕು. ಬೇಕಾದ್ದನ್ನು ಬರೆಯುತ್ತೇನೆ.

ನಮ್ಮ ಕಾಲದಲ್ಲಿ ಎಲ್ಲ ಗಾಜಿನ ಬಾಟಲಿ. ಮರದ ಕೇಸು. ಒಂದು ಕೇಸನ್ನು ಭುಜಕ್ಕೆ ಏರಿಸಿದರೆ ಭುಜದ ಮೂಳೆ ಮಾತಾಡುತ್ತಿತ್ತು. ತುಂಬಿದ್ದನ್ನು ಇಳಿಸು, ಖಾಲಿಯನ್ನು ಹತ್ತಿಸು, ಒಡೆದದ್ದನ್ನು ಬೇರೆ ಇಡು, ಇದೇ ಕೆಲಸ. ಹೊಸದರಲ್ಲಿ ಒಮ್ಮೆ ಕನಕಪುರದಲ್ಲಿ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ಊಟಕ್ಕೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಬಾಟಲಿಗಳು ಪಟಾಕಿಯ ಹಾಗೆ ಸಿಡಿಯುತ್ತಿದ್ದವು. ಸುತ್ತ ಜನ ಸೇರಿ, "ಇದನ್ನ ಒಟ್ಟೆ ಒಳಕ್ಕೆ ಉಯ್ಕತಾರಲ್ಲ, ಒಟ್ಟೆ ಸಿಡಿಯಕಿಲ್ವಾ?" ಎಂದು ಕೇಳಿದರು. ಗಾಡಿಯನ್ನು ಹೊಂಗೆ ಮರದಡಿಗೆ ತಂದು ನಿಲ್ಲಿಸಿದೆ.

ಗಾಜಿನ ಬಾಟಲಿಯಲ್ಲಿ ಒಂದು ಒಳ್ಳೆಯ ಗುಣ ಇತ್ತು. ಅಂಗಡಿಯ ಮುಂದೆ ನಿಂತು ಕುಡಿದು ಬಾಟಲಿ ವಾಪಸ್ ಕೊಟ್ಟು ಹೋಗಬೇಕು. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಹರಾಜಾಗಿ ಒಳ್ಳೆ ರೇಟು ಸಿಕ್ಕರೆ ರೈತರು ಒಂದೊಂದು ಬಾಟಲಿ ಎತ್ತುತ್ತಿದ್ದರು. ಕುಡಿಯುವುದು ಅಲ್ಲಿಗೆ ಮುಗಿಯುತ್ತಿತ್ತು. ಪ್ಲಾಸ್ಟಿಕ್ ಬಂತು ನೋಡಿ, ದೊಡ್ಡ ಬಾಟಲಿ, ತಿರುಗಿಸುವ ಮುಚ್ಚಳ, ಆಗ ಅದು ಮನೆಯೊಳಗೆ ಕಾಲಿಟ್ಟಿತು. ಚನ್ನಪಟ್ಟಣದ ಗೊಂಬೆ ಕೆಲಸದ ಬೀದಿಯಲ್ಲಿ ಒಬ್ಬ ತಾಯಿ ಮಗುವಿನ ಹಾಲಿನ ಬಾಟಲಿಗೆ ಕಿತ್ತಳೆ ಬಣ್ಣದ್ದನ್ನು ಹುಯ್ದು ಬಾಯಿಗೆ ಕೊಟ್ಟು ಮಲಗಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆ ಮಗುವಿನ ಮುಂದಿನ ಹಲ್ಲುಗಳು ಸುಟ್ಟ ಮೆಣಸಿನಕಾಯಿ ತೊಟ್ಟಿನ ಹಾಗೆ ಕಪ್ಪಾಗಿದ್ದವು.

ಆಮೇಲೆ ಕಂಪನಿಯವರೇ ಅಂಗಡಿಗಳಿಗೆ ಕೊಟ್ಟ ಫ್ರಿಜ್ಜು ಬಂತು. ಕಂಪನಿಯ ಫ್ರಿಜ್ಜಿನಲ್ಲಿ ಕಂಪನಿಯ ಮಾಲು ಬಿಟ್ಟು ಬೇರೇನೂ ಇಡಕೂಡದು, ಇದು ರೂಲು. ನಮ್ಮ ಡಿಪೋ ಮ್ಯಾನೇಜರ್ ಸುಂದರೇಶ್ ಎಂಬುವವರು. ಕೆಟ್ಟ ಮನುಷ್ಯ ಅಲ್ಲ, ಆದರೆ ರೂಲು ಎಂದರೆ ಅವರಿಗೆ ದೇವರು. ಒಂದು ದಿನ ನನ್ನ ಗಾಡಿಯಲ್ಲೇ ತಪಾಸಣೆಗೆ ಬಂದರು. ಉಯ್ಯಂಬಳ್ಳಿಯಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸಿನ ಅಂಗಡಿ. ಫ್ರಿಜ್ಜಿನ ಬಾಗಿಲು ತೆಗೆದರೆ ಮೇಲಿನ ಸಾಲಿನಲ್ಲಿ ನಮ್ಮ ಬಾಟಲಿ, ನಡುವೆ ಹಾಲಿನ ಪ್ಯಾಕೆಟ್ಟು, ಮಲ್ಲಿಗೆ ಹೂವಿನ ಕಟ್ಟು, ಕೆಳಗೆ ಸ್ಟೀಲ್ ಡಬ್ಬಿ ತುಂಬ ಸಣ್ಣ ಸಣ್ಣ ಇಂಜೆಕ್ಷನ್ ಸೀಸೆಗಳು.

"ಏನಮ್ಮ ಇದು?" ಎಂದರು ಸುಂದರೇಶ್.

"ಇನ್ಸುಲಿನ್ನು ಕನಪ್ಪ. ಸಕ್ಕರೆ ಕಾಯಿಲೆಯೋರ್ದು. ತಣ್ಣಗಿಡ್ಬೇಕಂತೆ. ಅವರ ಮನೇಲಿ ಫ್ರಿಜ್ಜಿಲ್ಲ, ಇಲ್ಲಿ ಮಡಗ್ತಾರೆ."

"ಇದರಲ್ಲಿ ನಮ್ಮ ಮಾಲು ಬಿಟ್ಟು ಬೇರೆ ಇಡಂಗಿಲ್ಲಮ್ಮ. ತೆಗೀರಿ."

ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮ್ಯಾಲಿನದ್ನ ಕುಡ್ದೋರೆ ಕನಪ್ಪ ಕೆಳಗಿನದ್ನ ಚುಚ್ಚುಸ್ಕತಾ ಇರೋದು. ಎಲ್ಡೂ ಒಂದೇ ತಾವು ಇರ್ಲಿ ಬುಡು, ಗಿರಾಕಿಗೆ ಅಲೆದಾಟ ತಪ್ತದೆ."

ಸುಂದರೇಶ್ ಹಾಲು, ಹೂವು ತೆಗೆಸಿದರು. ಇನ್ಸುಲಿನ್ ಡಬ್ಬಿಯನ್ನು ನೋಡದವರ ಹಾಗೆ ಬಾಗಿಲು ಮುಚ್ಚಿದರು. ಅದಕ್ಕೇ ಹೇಳಿದ್ದು, ಕೆಟ್ಟ ಮನುಷ್ಯ ಅಲ್ಲ ಎಂದು.

ಈಗ ನಿಜವಾದ ಸಂಗತಿಗೆ ಬರುತ್ತೇನೆ. ನನ್ನ ಗಾಡಿಯ ಲೋಡರ್ ಸಿದ್ದರಾಜು. ನನಗಿಂತ ಸ್ವಲ್ಪ ಚಿಕ್ಕವನು, ಗಟ್ಟಿ ಆಳು. ಎರಡು ಕೇಸು ಒಟ್ಟಿಗೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಅವನ ಭುಜವೇ ಅವನ ಜಮೀನು, ಅವನ ಹೆಂಡತಿ ಜಯಮ್ಮ ಹಾಗೇ ಹೇಳುತ್ತಿದ್ದಳು.

ಡಿಪೋದಲ್ಲಿ ಒಂದು ಪದ್ಧತಿ ಇತ್ತು. ಮುಚ್ಚಳ ಸೊಟ್ಟಗಾದ ಬಾಟಲಿ, ಅರ್ಧಂಬರ್ಧ ತುಂಬಿದ ಬಾಟಲಿ, ಇವನ್ನು ಮಾರುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ. ಆದರೆ ಕುಡಿಯಬಹುದು. ಹೊಟ್ಟೆಯೊಳಗೆ ಎಷ್ಟು ಬೇಕಾದರೂ ಹೋಗಲಿ, ಗೇಟಿನಾಚೆಗೆ ಒಂದೂ ಹೋಗಕೂಡದು. ಇನ್ನೊಂದು ಮಾತು ಹೊರಗಿನವರು ನಂಬುವುದಿಲ್ಲ. ಆ ಡಿಪೋದಲ್ಲಿ ಕುಡಿಯುವ ನೀರು ಇರಲಿಲ್ಲ. ಬೋರ್‌ವೆಲ್ ನೀರು ಉಪ್ಪು, ಗಾಡಿ ತೊಳೆಯಲು ಮಾತ್ರ. ಕೇಳಿದರೆ, "ಇಷ್ಟೊಂದು ಕುಡಿಯೋಕೆ ಬಿದ್ದಿದೆಯಲ್ಲ, ಇನ್ನು ನೀರು ಯಾಕೆ?" ಎನ್ನುತ್ತಿದ್ದರು. ನಾವೂ ನಕ್ಕುಬಿಡುತ್ತಿದ್ದೆವು. ಗಾಡಿಯಲ್ಲಂತೂ ಬೇರೆ ಪಾನೀಯ ಇರಕೂಡದು. ನಮ್ಮ ಯೂನಿಫಾರಂ ಹಾಕಿಕೊಂಡು ಅಂಗಡಿ ಮುಂದೆ ಮಜ್ಜಿಗೆ ಕುಡಿಯುವುದು ಕೂಡ ತಪ್ಪು. ಮಾರುವವನೇ ಬೇರೆ ಕುಡಿದರೆ ಕೊಳ್ಳುವವನು ಏನೆಂದುಕೊಳ್ಳುತ್ತಾನೆ, ಇದು ಅವರ ವಾದ.

ಬೇಸಿಗೆಯಲ್ಲಿ ಲೋಡು ಹತ್ತಿಸಿ ಬೆವರು ಸುರಿಸಿದ ಸಿದ್ದರಾಜು ಒಂದಾದ ಮೇಲೊಂದು ಬಾಟಲಿ ಎತ್ತುತ್ತಿದ್ದ. ಹೊಟ್ಟೆ ಗ್ಯಾಸಿನಿಂದ ತುಂಬಿ ಮಧ್ಯಾಹ್ನದ ಮುದ್ದೆ ಬೇಡವಾಗುತ್ತಿತ್ತು. ಸಂಜೆ ಮನೆಗೆ ಹೋಗಿ ಹಸಿದ ತೋಳನ ಹಾಗೆ ಉಣ್ಣುತ್ತಿದ್ದ. ಹೀಗೆ ವರ್ಷಗಳು ಕಳೆದವು. ಬರುಬರುತ್ತ ಅವನು ಕನಕಪುರ ರಸ್ತೆಯಲ್ಲಿ ಸಿಕ್ಕ ಸಿಕ್ಕ ಮರದ ಹತ್ತಿರ ಗಾಡಿ ನಿಲ್ಲಿಸಲು ಹೇಳತೊಡಗಿದ.

"ಏನ್ಲಾ ಸಿದ್ದ, ರಸ್ತೆ ಮರಕ್ಕೆಲ್ಲ ನೀರುಯ್ಯೋ ಕಂಟ್ರಾಕ್ಟ್ ತಗಂಡಿದ್ದೀಯಾ?" ಎಂದು ಛೇಡಿಸಿದೆ.

"ಏನ್ ಮಾಡ್ಲಣ್ಣ, ಕುಡ್ದಷ್ಟೂ ಬಾಯಿ ಒಣಗ್ತದೆ. ಒಣಗ್ದಷ್ಟೂ ಕುಡೀತೀನಿ" ಎಂದು ಇನ್ನೊಂದು ಬಾಟಲಿಯ ಮುಚ್ಚಳ ಹಾರಿಸಿದ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಕಾಯಿಲೆ. ಆ ಬಾಯಾರಿಕೆಯನ್ನು ತಂದದ್ದೇ ಕಾಯಿಲೆ. ಆ ಬಾಯಾರಿಕೆಗೆ ಅವನು ಕುಡಿಯುತ್ತಿದ್ದುದು ಇನ್ನಷ್ಟು ಸಕ್ಕರೆ. ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದ. ಡಾಕ್ಟರಮ್ಮ ಅವನಿಗೆ ಬಿಡಿಸಿ ಹೇಳಿದರು. "ನೀನು ಊಟ ಬಿಟ್ಟೆ ಅಂದುಕೊಂಡಿದ್ದೀಯ. ಬಿಟ್ಟಿಲ್ಲ, ಕುಡಿದಿದ್ದೀಯ. ಕುಡಿದ ಸಕ್ಕರೆಯನ್ನ ಹೊಟ್ಟೆ ಊಟ ಅಂತ ಲೆಕ್ಕಕ್ಕೆ ತಗೊಳ್ಳಲ್ಲ, ರಕ್ತ ತಗೊಳ್ಳುತ್ತೆ." ಮಾತ್ರೆ ಬರೆದುಕೊಟ್ಟರು. ಸಿದ್ದರಾಜು ಹೆದರಿದ. ಬಾಟಲಿಯನ್ನು ಬಾಯಿಗೆ ಮುಟ್ಟಿಸುವುದಿಲ್ಲ ಎಂದು ಜಯಮ್ಮನ ತಲೆ ಮುಟ್ಟಿ ಹೇಳಿದ. ಸ್ವಲ್ಪ ಕಾಲ ಹಾಗೇ ಇದ್ದ.

ಅಷ್ಟರಲ್ಲಿ ಡಯೆಟ್ ಡ್ರಿಂಕ್ಸಿನ ತವರದ ಡಬ್ಬಿ ಬಂತು. ಬಿಡದಿಯ ಕಡೆ, ಫ್ಯಾಕ್ಟರಿ ಆಫೀಸರ್‌ಗಳು ಬಂದುಹೋಗುವ ಹೋಟೆಲುಗಳಲ್ಲಿ ಅದಕ್ಕೆ ಗಿರಾಕಿ ಇತ್ತು. ಹಳ್ಳಿಯ ಅಂಗಡಿಗಳಲ್ಲಿ ಯಾರೂ ಮೂಸಲಿಲ್ಲ. ತಾರೀಖು ಮುಗಿಯಲು ಬಂದ ಡಬ್ಬಿಗಳು ಡಿಪೋದಲ್ಲಿ ಉಳಿದವು. ಸುಂದರೇಶ್ ಅವರು ಪ್ರೀತಿಯಿಂದಲೇ, "ಸಿದ್ದರಾಜು, ಇದರಲ್ಲಿ ಸಕ್ಕರೆ ಒಂಚೂರೂ ಇಲ್ಲ. ನಿನಗೋಸ್ಕರಾನೇ ಮಾಡಿದಂಗಿದೆ, ಕುಡಿ" ಎಂದರು. ಇವನು ಕುಡಿದ.

ಕುಡಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಥರದ ಕಹಿ ನಿಲ್ಲುತ್ತದೆ, ಕುಡಿದವರಿಗೆ ಗೊತ್ತು. ಆ ಕಹಿಯೇ ಅವನ ದಾರಿ ತಪ್ಪಿಸಿತು. ಕಷಾಯ ಕುಡಿದು, ಬೇವು ಅಗಿದು ಬೆಳೆದವರು ನಾವು. ಕಹಿ ಇದ್ದರೆ ಔಷಧಿ ಎಂದೇ ನಮ್ಮ ತಲೆಯಲ್ಲಿ ಕೂತಿದೆ. ಸಿಹಿ ಇದೆ, ಆದರೂ ಸಕ್ಕರೆ ಇಲ್ಲವಂತೆ, ಕೊನೆಗೆ ಕಹಿ ನಿಲ್ಲುತ್ತದೆ, ಡಬ್ಬಿಯಲ್ಲಿ ಬರುತ್ತದೆ, ಆಫೀಸರ್‌ಗಳು ಕುಡಿಯುತ್ತಾರೆ. ಇದು ಸಕ್ಕರೆ ಇಳಿಸುವ ಮದ್ದೇ ಇರಬೇಕು ಎಂದು ಲೆಕ್ಕ ಹಾಕಿದ. ಹಾಕಿದ ಮೇಲೆ ಯಾರನ್ನೂ ಕೇಳಲಿಲ್ಲ. ಯುಗಾದಿಯಲ್ಲಿ ಒಬ್ಬಟ್ಟು ತಿಂದ, ಮೇಲೆ ಒಂದು ಡಬ್ಬಿ ಕುಡಿದ. ನೆಂಟರ ಮನೆಯಲ್ಲಿ ಜಾಮೂನು ತಿಂದ, ಮೇಲೆ ಒಂದು ಡಬ್ಬಿ. ನಮಗೆಲ್ಲ ಅವನು ಪಥ್ಯದಲ್ಲಿದ್ದಾನೆ ಎಂದೇ ನಂಬಿಕೆ.

ಒಂದು ದಿನ ಕೇಸು ಇಳಿಸುವಾಗ ಅವನ ಚಪ್ಪಲಿಯೊಳಗೆ ಗಾಜಿನ ಚೂರು ಸೇರಿಕೊಂಡಿತು. ಅವನಿಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆ ಬಂದ ಕಾಲಿಗೆ ನೋವೂ ಸರಿಯಾಗಿ ತಿಳಿಯುವುದಿಲ್ಲ. ರಕ್ತದ ಹೆಜ್ಜೆ ನೋಡಿ ನಾನೇ ಕೂಗಿದೆ. ಚೂರು ತೆಗೆದ, ಬಟ್ಟೆ ಸುತ್ತಿದ, ಕೆಲಸ ಮಾಡಿದ. ಗಾಯ ಮಾಯಲಿಲ್ಲ. ಬೆರಳುಗಳು ಕಪ್ಪಾದವು. ಕಾಲು ಊದಿ, ಜ್ವರ ಬಂದು, ಒಂದು ಬೆಳಿಗ್ಗೆ ಅವನನ್ನು ನನ್ನ ಗಾಡಿಯಲ್ಲೇ ಆಸ್ಪತ್ರೆಗೆ ಹಾಕಿಕೊಂಡು ಹೋದೆ.

ಡಾಕ್ಟರಮ್ಮ ಗಾಯ ನೋಡಿ, "ಮಾತ್ರೆ ತಗೊಳ್ತಾ ಇದ್ದೀಯೇನಪ್ಪ?" ಎಂದರು.

"ಇಲ್ಲ ಕನವ್ವ, ನಿಲ್ಸ್ಬುಟ್ಟೆ."

"ಯಾಕೆ?"

"ಡಬ್ಬಿ ಕುಡೀತೀನಲ್ಲ. ಅದೂ ಇಳಿಸ್ತದೆ, ಮಾತ್ರೇನೂ ಇಳಿಸ್ತದೆ. ಎಲ್ಡೂ ಸೇರಿ ಸಕ್ಕರೆ ತೀರಾ ತಳಕ್ಕೆ ಓಗ್ಬುಟ್ರೆ ತಲೆ ಸುತ್ತಿ ಬಿದ್ದೋಯ್ತೀನಲ್ಲ ಅಂತ ಒಸಿ ಉಷಾರು ಮಾಡ್ದೆ."

ಜಯಮ್ಮ ಹಣೆ ಬಡಿದುಕೊಂಡಳು. ಡಾಕ್ಟರಮ್ಮ ಬಯ್ಯಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರ ಎಳೆದು ಕೂತರು. "ನೋಡಪ್ಪ, ಆ ಡಬ್ಬಿ ಸಕ್ಕರೆ ಏರಿಸಲ್ಲ, ನಿಜ. ಹಾಗಂತ ಇರೋ ಸಕ್ಕರೆನ ಇಳಿಸೋದೂ ಇಲ್ಲ. ಅದರ ಹುಳಿ ಹಲ್ಲಿಗೆ ಒಳ್ಳೇದಲ್ಲ. ವರ್ಷಗಟ್ಟಲೆ ಕುಡಿದರೆ ದೇಹಕ್ಕೆ ಏನಾಗುತ್ತೆ ಅಂತ ಓದಿದವರಲ್ಲೇ ಇನ್ನೂ ವಾದ ಇದೆ. ವಿಷ ಅಂತ ನಾನು ಹೇಳಲ್ಲ. ಔಷಧಿ ಅಂತೂ ಅಲ್ಲವೇ ಅಲ್ಲ. ಬಾಯಾರಿದರೆ ನೀರು ಕುಡಿ."

"ನೀರಾ?" ಎಂದ ಸಿದ್ದರಾಜು. "ಡಿಪೋದಲ್ಲಿ ನೀರೆಲ್ಲೈತವ್ವ?"

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಯೂನಿಫಾರಂನಲ್ಲೇ ಇದ್ದೆ.

ಬಲಗಾಲಿನ ಎರಡು ಬೆರಳು ತೆಗೆದರು. ಸಕ್ಕರೆ ಹತೋಟಿಗೆ ಬರದಿದ್ದರೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದು ಜಯಮ್ಮನಿಗೆ ಬಾಯಿಬಿಟ್ಟು ಹೇಳಿದರು. ಕಾಲು ಹೋದರೆ ಸಿದ್ದರಾಜುವಿಗೆ ಬೇರೆ ಕೆಲಸ ಗೊತ್ತಿಲ್ಲ. ಅವನು ಮಂಚದ ಮೇಲೆ ಕೂತು ನನಗೆ ಹೇಳಿದ್ದು ಒಂದೇ ಮಾತು. "ಅಣ್ಣ, ನನ್ನ ಜಾಗಕ್ಕೆ ಬೇರೆ ಆಳು ಆಕಂಬೇಡ. ಬತ್ತೀನಿ." ಆ ಮಾತು ನಡೆಸಿಕೊಡಬೇಕು ಎಂದು ಅಲ್ಲೇ ಹಟ ಹಿಡಿದೆ.

ಮಾರನೆಯ ದಿನ ಮನೆಯಿಂದ ಒಂದು ಮಣ್ಣಿನ ಹೂಜಿ ತಂದೆ. ಗಾಡಿಯ ಮುಂದೆ, ಗಾಜಿನ ಹಿಂದೆ, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ಸಿಂಬಿ ಮಾಡಿ ಇಟ್ಟೆ. ಮದುವೆ ಸೀಸನ್ನು, ಗಾಡಿ ಪೂರ್ತಿ ಲೋಡಾಗಿತ್ತು. ಗೇಟಿನಲ್ಲಿ ಸುಂದರೇಶ್ ಕೈ ಅಡ್ಡ ಹಿಡಿದರು.

"ಏನ್ರೀ ಕೆಂಪಣ್ಣ ಇದು?"

"ನೀರು ಸಾರ್."

"ಗಾಡಿಯಲ್ಲಿ ಬೇರೆ ಪಾನೀಯ ಇರಬಾರದು ಅಂತ ಗೊತ್ತಿಲ್ವಾ?"

"ಗೊತ್ತು ಸಾರ್. ನೀರು ಯಾವ ಕಂಪನಿದು ಅಂತ ಹೇಳಿ, ಇಳಿಸ್ತೀನಿ."

ಹಿಂದಿನ ಗಾಡಿಯ ಡ್ರೈವರ್ ಕಿಸಕ್ಕೆಂದು ನಕ್ಕ. ಸುಂದರೇಶ್ ಅವರ ಕಿವಿ ಕೆಂಪಾಯಿತು. "ತಮಾಷೆ ಬೇಡ. ಅದನ್ನ ಇಳಿಸಿ, ಗಾಡಿ ತೆಗೀರಿ. ಆರ್ಡರ್‌ಗಳು ಕಾಯ್ತಾ ಇವೆ."

ನಾನು ಕೀಲಿ ತೆಗೆದು ಜೇಬಿಗೆ ಹಾಕಿದೆ. ಗೇಟಿನ ನಡುವೆ ಗಾಡಿ ನಿಂತಿತು. ಹಿಂದೆ ಒಂದಾದ ಮೇಲೊಂದು ಗಾಡಿ ಬಂದು ನಿಂತವು. ಹಾರನ್ನು ಶುರುವಾಯಿತು. ಕೆಲವರು, "ಇಳಿಸ್ಬುಡು ಕೆಂಪಣ್ಣ, ಮಡಕೆಗೋಸ್ಕರ ನಮ್ ಒಟ್ಟೆ ಮ್ಯಾಲೆ ಒಡೀಬ್ಯಾಡ" ಎಂದರು. ಕೆಲವರು ತಮ್ಮ ಗಾಡಿಯನ್ನೂ ಆಫ್ ಮಾಡಿದರು.

"ನಿಮ್ಮ ಕೆಲಸ ಹೋಗುತ್ತೆ ಕೆಂಪಣ್ಣ."

"ಹೋಗ್ಲಿ ಸಾರ್. ಈ ನಾಲ್ಕು ತಾಲ್ಲೂಕಲ್ಲಿ ಡ್ರೈವರ್‌ಗೆ ಕೆಲ್ಸ ಕಮ್ಮಿ ಇಲ್ಲ. ಸಿದ್ದರಾಜು ಕಾಲು ಮಾತ್ರ ಒಂದೇ ಸತಿ ಬೆಳೆಯೋದು. ಎರಡು ಮಾತು ಕೇಳ್ತೀನಿ. ಡಿಪೋ ಒಳಗೆ ಕುಡಿಯೋ ನೀರು ಬೇಕು. ಅವನ ಜಾಗಕ್ಕೆ ಬೇರೆಯೋರ್ನ ತಗೋಬಾರದು, ಬಂದಾಗ ನನ್ನ ಗಾಡೀಲೇ ಇರ್ಬೇಕು."

"ಕಾಲಿಲ್ಲದೋನು ಕೇಸು ಹೇಗೆ ಹೊರ್ತಾನೆ?"

"ಕಾಲೈತೆ ಸಾರ್. ಎಲ್ಡು ಬೆರಳಿಲ್ಲ ಅಷ್ಟೇ. ಉಳಿದ ಕಾಲು ಉಳಿಯೋದು ಬುಡೋದು ಈ ನೀರಿನ ಮೇಲೈತೆ."

ಸಿಟ್ಟಿನಲ್ಲಿ ನನ್ನ ಬಾಯಿಂದ ಹಳ್ಳಿ ಮಾತೇ ಬಂತು. ಬರಲಿ ಎಂದು ಬಿಟ್ಟೆ. ಸುಂದರೇಶ್ ಒಳಗೆ ಹೋಗಿ ದೊಡ್ಡ ಆಫೀಸಿಗೆ ಫೋನ್ ಮಾಡಿದರು. ನಾವು ಗಾಡಿಯ ನೆರಳಿನಲ್ಲಿ ಕೂತೆವು. ಹೂಜಿಯ ನೀರು ಕೈಯಿಂದ ಕೈಗೆ ಹೋಯಿತು. ಮಡಕೆ ಇಳಿಸ್ಬುಡು ಎಂದವರೂ ಕುಡಿದರು.

ಹೊರಗೆ ಬಂದ ಸುಂದರೇಶ್ ಮುಖ ಸಪ್ಪಗಿತ್ತು. ಡಿಪೋಗೆ ನೀರಿನ ಡ್ರಮ್ಮು ತರಿಸುವುದಾಗಿ ಹೇಳಿದರು. ಸಿದ್ದರಾಜು ಡಾಕ್ಟರ ಚೀಟಿ ತಂದರೆ ಕೆಲಸಕ್ಕೆ ತೆಗೆದುಕೊಳ್ಳುವುದಾಗಿಯೂ ಹೇಳಿದರು. ಹೂಜಿಯನ್ನು ಮಾತ್ರ ಕಾಣದ ಹಾಗೆ ಸೀಟಿನ ಕೆಳಗೆ ಇಡಬೇಕು. "ಕಾಣೋ ಹಂಗೇ ಇಡ್ತೀನಿ ಸಾರ್" ಎಂದೆ. ಅವರು ಗೇಟಿನಿಂದ ಪಕ್ಕಕ್ಕೆ ಸರಿದರು. ಆದರೆ ತಿಂಗಳು ತುಂಬುವ ಮೊದಲೇ ನನ್ನನ್ನು ಕನಕಪುರದ ರೂಟಿನಿಂದ ತೆಗೆದು ಮಾಗಡಿ ರೂಟಿಗೆ ಹಾಕಿದರು. ಏರಿಳಿತದ ರಸ್ತೆ, ಸಣ್ಣ ಸಣ್ಣ ಅಂಗಡಿ, ಕಮಿಷನ್ ಕಡಿಮೆ. ಶಿಕ್ಷೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಗೊಂಡೆ.

ಹುಡುಗರೇ, ನಿಮಗೆ ಟಾರ್ಗೆಟ್ ಕೊಡುತ್ತಾರೆ, ಟೀ ಶರ್ಟು ಕೊಡುತ್ತಾರೆ, ಫೋನಿನಲ್ಲೇ ಬಿಲ್ಲು ಮಾಡಲು ಕಲಿಸುತ್ತಾರೆ. ಕೆಲಸ ಮಾಡಿ, ನಾಚಿಕೆ ಪಡಬೇಡಿ. ಕೊಳ್ಳುವವನು ಕಣ್ಣುಬಿಟ್ಟು ಕೊಳ್ಳುತ್ತಾನೆ. ಆದರೆ ಡಯೆಟ್ ಡಬ್ಬಿ ತೋರಿಸಿ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂದು ಹೇಳಿ ಮಾರು ಎಂದರೆ, ಆ ಮಾತು ನಿಮ್ಮ ಬಾಯಿಂದ ಬರಕೂಡದು. ನನಗೂ ಹಾಗೆ ಹೇಳಲು ಹೇಳಿದ್ದರು. ಸಿದ್ದರಾಜು ಆಸ್ಪತ್ರೆ ಸೇರಿದ ಮೇಲೆ ನಾನು ಪ್ರತಿ ಅಂಗಡಿಯಲ್ಲೂ, "ಬಾಯಿ ರುಚಿಗೆ ಬೇಕಾದ್ರೆ ತಗೊಳ್ಳಿ, ಮಾತ್ರೆ ಬಿಡಬೇಡಿ" ಎಂದೇ ಮಾರಿದೆ. ಮಾಲು ಕಡಿಮೆ ಹೋಯಿತು. ಹೋಗಲಿ.

ಸಿದ್ದರಾಜು ಮಾತ್ರೆ ತಪ್ಪಿಸಲಿಲ್ಲ. ಜಯಮ್ಮ ತಪ್ಪಿಸಲು ಬಿಡಲಿಲ್ಲ. ಗಾಯ ನಿಧಾನಕ್ಕೆ ಒಣಗಿತು. ಕಾಲು ತೆಗೆಯುವ ಮಾತನ್ನು ಡಾಕ್ಟರಮ್ಮ ನಿಲ್ಲಿಸಿದರು, ಕೆಲಸಕ್ಕೆ ಹೋಗಬಹುದು ಎಂದು ಚೀಟಿ ಬರೆದುಕೊಟ್ಟರು. ಜೋಳಿಗೆಯಂಥ ದೊಡ್ಡ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಬೆರಳಿಲ್ಲದ ಜಾಗಕ್ಕೆ ಹತ್ತಿ ತುರುಕಿಕೊಂಡು ಗಾಡಿ ಹತ್ತಿದ. ಮೊದಲು ನಿಲ್ಲಿಸಿದ್ದು ಮಾಗಡಿ ರೂಟಿನ ಗುಡೇಮಾರನಹಳ್ಳಿಯ ರಂಗಪ್ಪನ ಅಂಗಡಿಯ ಮುಂದೆ. ರಂಗಪ್ಪ ಬಾಯಿ ಜೋರಿನ ಮನುಷ್ಯ. ಇವನು ಕುಂಟುತ್ತ ಇಳಿದದ್ದನ್ನು ನೋಡಿ, "ಏನ್ ಕೆಂಪಣ್ಣ, ಡಿಪೋದಲ್ಲಿ ಬ್ಯಾರೆ ಆಳು ಇರ್ನಿಲ್ವಾ? ಇವನ್ನ ಇಳ್ಸಕ್ಕೇ ಇಬ್ರು ಬೇಕು" ಎಂದ.

"ಕಾಲ್‌ಬೆರಳಲ್ಲಿ ಯಾರ್ಲಾ ಕೇಸು ಹೊರ್ತಾರೆ?" ಎಂದ ಸಿದ್ದರಾಜು. "ಭುಜ ಐತೆ, ಜರುಗು."

ಒಂದೊಂದೇ ಕೇಸು ಎತ್ತಿದ. ಮೊದಲಿನ ಹಾಗೆ ಎರಡು ಹೊರಲಿಲ್ಲ. ಮೆಟ್ಟಿಲಿನ ಹತ್ತಿರ ಕಾಲು ಒಮ್ಮೆ ತಡವರಿಸಿತು. ನನ್ನ ಕೈ ಬಾಗಿಲಿನ ಹಿಡಿಗೆ ಹೋಯಿತು. ಅವನು ತಿರುಗಿ ನನ್ನನ್ನು ದುರುಗುಟ್ಟಿ ನೋಡಿದ. ಕೈ ತೆಗೆದೆ. ರಂಗಪ್ಪನ ಮುಖ ಸ್ವಲ್ಪ ಮೆತ್ತಗಾಗಿ, ಫ್ರಿಜ್ಜಿನಿಂದ ಒಂದು ಬಾಟಲಿ ತೆಗೆದು ಮುಚ್ಚಳ ತಿರುಗಿಸಿ, "ತಗಳಪ್ಪ, ಒಸಿ ಕುಡ್ದು ಸುಧಾರ್ಸ್ಕೊ" ಎಂದು ನೀಡಿದ.

"ನೀನೇ ಕುಡಿ ಕನ್ಲಾ. ನಂದು ಗಾಡೀಲೈತೆ."

ಮುಂದಕ್ಕೆ ಬಂದು, ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿ, ಎದೆ ಮೇಲೆಲ್ಲ ಚೆಲ್ಲಿಕೊಂಡು ಗಟಗಟ ಕುಡಿದ. ಮೀಸೆ ಒರೆಸಿಕೊಂಡು ಹಿಂದಕ್ಕೆ ಹೋದ. ಉಳಿದ ಕೇಸುಗಳನ್ನು ಇಳಿಸಿದ, ಖಾಲಿಗಳನ್ನು ಹತ್ತಿಸಿದ. ನಾನು ಸ್ಟಿಯರಿಂಗ್ ಹಿಡಿದುಕೊಂಡು ಕೂತೇ ಇದ್ದೆ, ಇಳಿಯಲಿಲ್ಲ. ಹಿಂದಿನ ಬಾಗಿಲು ದಢಾರನೆ ಮುಚ್ಚಿ, ಅಂಗೈಯಿಂದ ಗಾಡಿಯ ಮೈಗೆ ಎರಡೇಟು ಬಡಿದು, "ರೈಟ್!" ಎಂದ. ಗಾಡಿ ತೆಗೆದೆ.